ಇ-ಸಿಗರೇಟ್ ಟ್ಯಾಂಕ್: ಗಾಜೋ, ಪ್ಲಾಸ್ಟಿಕ್ಕೋ, ಉಕ್ಕೋ?

ಗದಗ: ಇ-ಸಿಗರೇಟಿನಲ್ಲಿ ನಿಕೋಟಿನ್ ದ್ರಾವಣ ತುಂಬುವ ಪುಟ್ಟ ಕೋಶವೇ ಟ್ಯಾಂಕ್. ಇದು ಗಾಜಿನದಾದರೆ ಅಪಾಯವಿಲ್ಲ ಎಂಬ ನಂಬಿಕೆ ಬಳಕೆದಾರರಲ್ಲಿದೆ. ಆದರೆ ಇದು ಅರ್ಧಸತ್ಯ ಮಾತ್ರ.

ಪ್ಲಾಸ್ಟಿಕ್: ಅಗ್ಗ, ಹಗುರ, ಕೈಜಾರಿ ಬಿದ್ದರೂ ಸುಲಭವಾಗಿ ಒಡೆಯದು. ಆದರೆ ದಾಲ್ಚಿನ್ನಿ, ನಿಂಬೆ ಜಾತಿಯ ಪರಿಮಳದ್ರವ್ಯಗಳು ಪಾಲಿಕಾರ್ಬೊನೇಟ್, ಅಕ್ರಿಲಿಕ್ ಟ್ಯಾಂಕ್‌ಗಳನ್ನು ಮಸುಕಾಗಿಸಿ ಬಿರುಕು ಬಿಡಿಸಬಲ್ಲವು. ಸೋರಿದ ನಿಕೋಟಿನ್ ಚರ್ಮದ ಮೂಲಕವೂ ದೇಹ ಸೇರುತ್ತದೆ. ಮಕ್ಕಳು ನುಂಗಿದರೆ ಪ್ರಾಣಕ್ಕೇ ಸಂಚಕಾರ.

ಗಾಜು: ಸಾಮಾನ್ಯವಾಗಿ ಬಳಸುವುದು ಪ್ರಯೋಗಾಲಯದ ಬೀಕರ್‌ಗಳಿಗೆ ಬಳಸುವ ಬೊರೊಸಿಲಿಕೇಟ್ ಗಾಜನ್ನು. ಇದು ದ್ರಾವಣದೊಂದಿಗೆ ವರ್ತಿಸುವುದಿಲ್ಲ, ಶಾಖವನ್ನು ತಡೆಯುತ್ತದೆ. ಬಿದ್ದರೆ ಒಡೆಯುವುದೇ ಇದರ ದೋಷ.

ಉಕ್ಕು: ತುಕ್ಕು ಹಿಡಿಯದ ಉಕ್ಕು ಗಟ್ಟಿ, ಆದರೆ ಒಳಗೆ ದ್ರಾವಣ ಎಷ್ಟು ಉಳಿದಿದೆ ಎಂಬುದು ಹೊರಗಿನಿಂದ ಕಾಣದು. ದ್ರಾವಣ ಮುಗಿದ ಮೇಲೂ ಕಾದ ಬತ್ತಿ ಸುಟ್ಟು ಹಾನಿಕರ ಅನಿಲ ಹೊರಬೀಳುತ್ತದೆ.

ಮೂಲ ಸಮಸ್ಯೆ ಕಾಯಿಲ್‌ನಲ್ಲಿ

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 56 ಬಳಕೆದಾರರ ಸಾಧನಗಳನ್ನು ಪರೀಕ್ಷಿಸಿ 2018ರಲ್ಲಿ ವರದಿ ಪ್ರಕಟಿಸಿದರು. ಸೀಸ, ನಿಕಲ್, ಕ್ರೋಮಿಯಂ ಅಂಶಗಳು ಬಾಟಲಿಯ ದ್ರಾವಣದಲ್ಲಿ ಇದ್ದುದಕ್ಕಿಂತ ಕಾಯಿಲ್ ಸೋಕಿದ ನಂತರದ ಆವಿಯಲ್ಲಿ ಬಹಳ ಹೆಚ್ಚಿದ್ದವು. ಅಂದರೆ ಟ್ಯಾಂಕ್ ಗಾಜಿನದಾದರೂ ಲೋಹ ಶ್ವಾಸಕೋಶ ಸೇರುವುದು ತಪ್ಪದು; ನಿಕೋಟಿನ್ ಚಟವೂ ಬಿಡದು.

ಕಾನೂನು ಏನನ್ನುತ್ತದೆ?

ಕರ್ನಾಟಕ ಸರ್ಕಾರ 2016ರಲ್ಲಿಯೇ ಇ-ಸಿಗರೇಟ್ ಮಾರಾಟವನ್ನು ನಿಷೇಧಿಸಿತು. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರ್‌ನಲ್ಲಿ ಸುಗ್ರೀವಾಜ್ಞೆ ಹೊರಡಿಸಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಅದು ಕಾಯ್ದೆಯಾಯಿತು. ಉತ್ಪಾದನೆ, ಆಮದು, ಸಾಗಣೆ, ಮಾರಾಟ, ಜಾಹೀರಾತು, ದಾಸ್ತಾನು ಎಲ್ಲವೂ ಅಪರಾಧ. ಬಿಡಿಭಾಗಗಳೂ ಇದರ ವ್ಯಾಪ್ತಿಗೆ ಬರುತ್ತವೆ. ಮಾರಾಟಕ್ಕೆ ಮೊದಲ ಬಾರಿ 1 ವರ್ಷದವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಮರುಕಳಿಸಿದರೆ 3 ವರ್ಷದವರೆಗೆ ಸೆರೆವಾಸ ಹಾಗೂ 5 ಲಕ್ಷ ರೂಪಾಯಿವರೆಗೆ ದಂಡ. ದಾಸ್ತಾನಿಗೆ 6 ತಿಂಗಳವರೆಗೆ ಸೆರೆವಾಸ ಅಥವಾ 50 ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ ವಿಧಿಸಬಹುದು.

ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಪೊಲೀಸ್ ಅಧಿಕಾರಿಗೆ ಶೋಧನೆ ಹಾಗೂ ಜಪ್ತಿಯ ಅಧಿಕಾರವಿದೆ. ಗದಗ-ಬೆಟಗೇರಿ ಅವಳಿ ನಗರದ ಅಂಗಡಿಯಾದರೂ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಪಾನ್ ಡಬ್ಬಿಯಾದರೂ ನಿಯಮ ಒಂದೇ. ಅಂತರ್ಜಾಲದ ಮೂಲಕ ಮಾರಿದರೂ ವಿನಾಯಿತಿ ಇಲ್ಲ.

ಕದ್ದು ಮಾರುವ ಸರಕಿಗೆ ಗುಣಮಟ್ಟದ ಮುದ್ರೆ ಇರದು. ಹೀಗಾಗಿ ಟ್ಯಾಂಕ್ ಯಾವ ಪ್ಲಾಸ್ಟಿಕ್‌ನದು, ಯಾವ ಉಕ್ಕಿನದು ಎಂದು ಕೊಳ್ಳುವವರಿಗೆ ತಿಳಿಯುವ ಮಾರ್ಗವೇ ಇಲ್ಲ. ಚಟ ಬಿಡಲು ಇಚ್ಛಿಸುವವರು ರಾಷ್ಟ್ರೀಯ ತಂಬಾಕು ತ್ಯಜನ ಸಹಾಯವಾಣಿ 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು.