ಉಪಬಿರುಗಾಳಿಯ ಆರಂಭ: ಧ್ರುವಪ್ರಭೆಯಿಂದ ಹಾಸನದ ಉಪಗ್ರಹಗಳವರೆಗೆ

ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿ ಭೂಕಾಂತ ಸಮಭಾಜಕಕ್ಕೆ ಬಹಳ ಹತ್ತಿರದಲ್ಲಿದೆ. ಧ್ರುವಪ್ರಭೆ ಇಲ್ಲಿನ ನೋಟವಲ್ಲ. ಆದರೆ ಇದೇ ಜಿಲ್ಲೆಯ ಹಾಸನದಲ್ಲಿ, ಜನ ಎಂಸಿಎಫ್ ಎಂದೇ ಕರೆಯುವ ಇಸ್ರೊದ ಉಪಗ್ರಹ ನಿಯಂತ್ರಣ ಕೇಂದ್ರವಿದೆ. ಸುಮಾರು 36,000 ಕಿ.ಮೀ. ಎತ್ತರದ ನಮ್ಮ ಭೂಸ್ಥಿರ ಉಪಗ್ರಹಗಳ ಮೇಲೆ ಅದು 1982ರಿಂದ ಹಗಲಿರುಳು ಕಣ್ಣಿಟ್ಟಿದೆ. ಧ್ರುವಪ್ರಭೆ ಸ್ಫೋಟಿಸುವ ಹೊತ್ತಿನಲ್ಲೇ ಆ ಎತ್ತರದ ಪರಿಸರವೂ ಕಲಕಿಹೋಗುತ್ತದೆ. ಹಾಗಾಗಿ ಉಪಬಿರುಗಾಳಿ ಎಂಬ ಈ ಕಲಕಾಟದ ಆರಂಭವನ್ನು ಉತ್ತರ ಧ್ರುವದವರ ವಿಷಯವೆಂದು ಬದಿಗಿಡುವುದು ಸರಿಯಲ್ಲ.

1957–58ರ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ ಧ್ರುವ ಪ್ರದೇಶಗಳ ಕ್ಯಾಮೆರಾಗಳು ಇಡೀ ಆಕಾಶವನ್ನು ಚಿತ್ರಿಸಿದವು. ಆ ಚಿತ್ರಗಳನ್ನು ಜೋಡಿಸಿ ನೋಡಿದ ಸ್ಯುನ್-ಇಚಿ ಅಕಾಸೋಫು, ಧ್ರುವಪ್ರಭೆಯ ಚಟುವಟಿಕೆಗೆ ಒಂದು ನಿಶ್ಚಿತ ಕ್ರಮವಿದೆಯೆಂದು 1964ರಲ್ಲಿ ತೋರಿಸಿದರು. ನಡುರಾತ್ರಿಯ ಆಸುಪಾಸಿನಲ್ಲಿ, ಸಮಭಾಜಕದ ಕಡೆಗೆ ಎಲ್ಲಕ್ಕಿಂತ ಸರಿದಿರುವ ಕಮಾನು ಥಟ್ಟನೆ ಬೆಳಗುತ್ತದೆ, ಒಡೆಯುತ್ತದೆ, ಧ್ರುವದತ್ತ ಹರಡುತ್ತದೆ. ಪಶ್ಚಿಮಕ್ಕೆ ಒಂದು ಅಲೆ ನುಗ್ಗುತ್ತದೆ. ಎರಡು ಮೂರು ಗಂಟೆಗಳಲ್ಲಿ ಎಲ್ಲ ತಣ್ಣಗಾಗುತ್ತದೆ. ಇದೇ ಉಪಬಿರುಗಾಳಿ; ಕಮಾನು ಥಟ್ಟನೆ ಬೆಳಗುವ ಕ್ಷಣವೇ ಅದರ ಆರಂಭ.

ಇದಕ್ಕಿಂತ ಹೆಚ್ಚು ಗಮನ ಬೇಡುವುದು ಆರಂಭಕ್ಕೆ ಮುಂಚಿನ ಅವಧಿ. ಸೌರ ಮಾರುತದ ಕಾಂತಕ್ಷೇತ್ರ ದಕ್ಷಿಣಕ್ಕೆ ತಿರುಗಿದಾಗ ಭೂಮಿಯ ಕಾಂತಬಾಲದಲ್ಲಿ, ಅಂದರೆ ಇರುಳಿನ ಕಡೆಗೆ ಉದ್ದಕ್ಕೆ ಚಾಚಿದ ಕಾಂತಕ್ಷೇತ್ರದಲ್ಲಿ, ಶಕ್ತಿ ಶೇಖರವಾಗುತ್ತಾ ಹೋಗುತ್ತದೆ. ಅಲ್ಲಿನ ವಿದ್ಯುತ್ ಪ್ರವಾಹದ ಹಾಳೆ ತೆಳುವಾಗುತ್ತದೆ. ಅರ್ಧದಿಂದ ಒಂದು ಗಂಟೆಯ ಈ ಕಾಲದಲ್ಲಿ ಕಮಾನುಗಳು ನಿಧಾನವಾಗಿ ಸಮಭಾಜಕದತ್ತ ಸರಿಯುತ್ತವೆ. ಸ್ಫೋಟಕ್ಕೆ ಕೆಲವೇ ನಿಮಿಷ ಮೊದಲು ಕಮಾನು ಮಂಕಾಗುವುದನ್ನು ಪೆಲ್ಲಿನೆನ್ ಮತ್ತು ಹೈಕ್ಕಿಲಾ 1978ರಲ್ಲಿ ವರದಿ ಮಾಡಿದರು. ಹಲವು ಸಲ ಅದರ ಉದ್ದಕ್ಕೂ ಮಣಿ ಪೋಣಿಸಿದಂತೆ ಬೆಳಕಿನ ಚುಕ್ಕೆಗಳು ಮೂಡಿ ಬೇಗಬೇಗ ಬೆಳೆಯುತ್ತವೆ. ನನ್ನ ದೃಷ್ಟಿಯಲ್ಲಿ ಈ ಮಣಿಗಳೇ ಮುಖ್ಯ ಸಾಕ್ಷ್ಯ. ಭೂಮಿಗೆ ಸಮೀಪದ ಕಾಂತಬಾಲ ಆಗಲೇ ಅಸ್ಥಿರವಾಗಿದೆಯೆಂದು ಅವು ಹೇಳುತ್ತವೆ.

2007ರಲ್ಲಿ ಹಾರಿದ ಥೆಮಿಸ್ ಯೋಜನೆಯ ಐದು ಉಪಗ್ರಹಗಳು ಬೇರೊಂದು ಕ್ರಮವನ್ನು ಸೂಚಿಸಿದವು. 2008ರ ಫೆಬ್ರವರಿ 26ರ ಘಟನೆಯಲ್ಲಿ ಭೂತ್ರಿಜ್ಯದ ಸುಮಾರು 20 ಪಟ್ಟು ದೂರದಲ್ಲಿ ಕಾಂತರೇಖೆಗಳ ಮರುಜೋಡಣೆ ಮೊದಲು ನಡೆದು, ಸುಮಾರು ಒಂದೂವರೆ ನಿಮಿಷದ ನಂತರ ಧ್ರುವಪ್ರಭೆ ತೀವ್ರವಾಯಿತು. ಒಂದು ಘಟನೆಯಿಂದ ವಾದ ಮುಗಿಯಲಿಲ್ಲ. ಮೊದಲು ಕೆಡುವುದು ದೂರದ ಬಾಲವೋ, ಹತ್ತಿರದ ಬಾಲವೋ ಎಂಬ ಚರ್ಚೆ ಇಂದಿಗೂ ಜೀವಂತ.

ಹಾಸನದ ಮಟ್ಟಿಗೆ ಪರಿಣಾಮ ಸ್ಪಷ್ಟ. ಆರಂಭದ ಬೆನ್ನಲ್ಲೇ ಬಿಸಿ ಎಲೆಕ್ಟ್ರಾನುಗಳು ಇರುಳಿನ ಕಡೆಯಿಂದ ಭೂಸ್ಥಿರ ಕಕ್ಷೆಗೆ ನುಗ್ಗಿ ಪೂರ್ವಕ್ಕೆ ಸಾಗುತ್ತವೆ, ಉಪಗ್ರಹಗಳ ಮೇಲ್ಮೈಯಲ್ಲಿ ಋಣಾವೇಶ ತುಂಬುತ್ತವೆ. 74 ಡಿಗ್ರಿಯಿಂದ 93.5 ಡಿಗ್ರಿ ಪೂರ್ವ ರೇಖಾಂಶದ ನಡುವಿನ ನಮ್ಮ ಉಪಗ್ರಹಗಳಿಗೆ ಈ ಗಂಡಾಂತರದ ವೇಳೆ ನಮ್ಮ ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ. ವಿಷುವತ್ ಸಂಕ್ರಮಣದ ವಾರಗಳಲ್ಲಿ ಇವು ನಡುರಾತ್ರಿಯ ಸುಮಾರಿಗೆ ಭೂಮಿಯ ನೆರಳನ್ನೂ ಹೊಗುತ್ತವೆ. ಬಿಸಿಲಿನಲ್ಲಿ ಮೇಲ್ಮೈಯಿಂದ ಎಲೆಕ್ಟ್ರಾನುಗಳು ಹೊರಬಿದ್ದು ಆವೇಶ ತಗ್ಗುತ್ತದೆ. ನೆರಳಿನಲ್ಲಿ ಆ ಪರಿಹಾರವಿಲ್ಲ. ಭೂಕಾಂತ ಚಟುವಟಿಕೆ ಹೆಚ್ಚುವುದೂ ಇದೇ ಋತುವಿನಲ್ಲಿ. ಅದಕ್ಕೆ ರಸೆಲ್ ಮತ್ತು ಮೆಕ್‌ಫೆರನ್ 1973ರಲ್ಲಿ ವಿವರಣೆ ಕೊಟ್ಟರು. 1975–76ರಲ್ಲಿ ಕರ್ನಾಟಕದ ಹಳ್ಳಿಗಳಿಗೆ ಟಿವಿ ತಲುಪಿಸಿದ ಎಟಿಎಸ್-6 ಉಪಗ್ರಹದ ಮೇಲ್ಮೈ ನೆರಳಿನಲ್ಲಿದ್ದಾಗ ಹತ್ತು ಸಾವಿರ ವೋಲ್ಟಿಗೂ ಮೀರಿ ಋಣಾವೇಶ ಪಡೆದದ್ದು ದಾಖಲಾಗಿದೆ. 2010ರ ಏಪ್ರಿಲ್ 5ರಂದು ಪ್ರಬಲ ಉಪಬಿರುಗಾಳಿಯೊಂದು ಶುರುವಾದ ಸ್ವಲ್ಪ ಹೊತ್ತಿನಲ್ಲಿ ಗ್ಯಾಲಕ್ಸಿ-15 ಎಂಬ ಸಂವಹನ ಉಪಗ್ರಹ ನೆಲದ ಆದೇಶಗಳಿಗೆ ಉತ್ತರಿಸುವುದನ್ನೇ ನಿಲ್ಲಿಸಿತು.

ಆರಂಭದ ಸುಳಿವು ನೆಲಕ್ಕೂ ಮುಟ್ಟುತ್ತದೆ. 40ರಿಂದ 150 ಸೆಕೆಂಡು ಅವಧಿಯ, ಪಿಐ-2 ಎಂಬ ಕಾಂತಸ್ಪಂದನಗಳು ನಮ್ಮಂಥ ಕೆಳ ಅಕ್ಷಾಂಶಗಳಲ್ಲೂ ದಾಖಲಾಗುತ್ತವೆ. ರೈಲು ಮಾರ್ಗ, ಹೈಟೆನ್ಷನ್ ತಂತಿಗಳಿಂದ ದೂರವಿರುವ ಹಳ್ಳಿಯ ಜಾಗವೇ ಈ ಅಳತೆಗೆ ತಕ್ಕದ್ದು. ಹಾಸನ ಜಿಲ್ಲೆಯ ಕಾಲೇಜುಗಳ ಭೌತವಿಜ್ಞಾನ ವಿಭಾಗಗಳು ಅಂಥ ಕಡೆ ಒಂದು ಕಾಂತಮಾಪಕ ನೆಟ್ಟು, ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳ ಇರುಳುಗಳ ದಾಖಲೆಯನ್ನು ವರ್ಷ ವರ್ಷವೂ ಕಾಪಿಡುವ ಕೆಲಸವನ್ನು ಕೈಗೆತ್ತಿಕೊಳ್ಳಬೇಕು.