ಕಣ್ಣೆದುರೇ ಮೂಡುವ ಗೆರೆ

2009ರ ಜೂನ್ 1ರ ‘ದಿ ನ್ಯೂಯಾರ್ಕರ್’ ಸಂಚಿಕೆಯ ಮುಖಪುಟದಲ್ಲಿ ಟೈಮ್ಸ್ ಸ್ಕ್ವೇರ್‌ನ ಒಂದು ರಾತ್ರಿ ಇತ್ತು: ಬೀದಿಬದಿಯ ಹಾಟ್‌ಡಾಗ್ ಗಾಡಿ, ಅದರ ಸುತ್ತ ಜನ. ಜೋರ್ಜ್ ಕೊಲಂಬೊ ಎಂಬ ಕಲಾವಿದ ಅಲ್ಲೇ ರಸ್ತೆಬದಿಯಲ್ಲಿ ಸುಮಾರು ಒಂದು ಗಂಟೆ ನಿಂತು, ಐಫೋನಿನ ಮೇಲೆ ಬೆರಳಾಡಿಸಿ ಅದನ್ನು ಬರೆದಿದ್ದರು. ಕತ್ತಲಲ್ಲಿ ಬರೆಯಲು ದೀಪ ಬೇಕಾಗಲಿಲ್ಲ, ಪರದೆಯೇ ದೀಪವಾಗಿತ್ತು.

ಅವರು ಬಳಸಿದ ‘ಬ್ರಷಸ್’ ಆ್ಯಪ್‌ನಲ್ಲಿ ಇನ್ನೊಂದು ಗುಣವಿತ್ತು. ಅದು ಎಳೆದ ಪ್ರತಿ ಗೆರೆಯನ್ನೂ ಕ್ರಮವಾಗಿ ನೆನಪಿಟ್ಟುಕೊಂಡು ಮೊದಲಿನಿಂದ ಮತ್ತೆ ತೋರಿಸುತ್ತಿತ್ತು. ಮೊಬೈಲ್ ಚಿತ್ರಕಲೆಯ ಚರಿತ್ರೆಯಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು ಇದೇ. ಚಿತ್ರದ ಜೊತೆಗೆ ಅದು ಹುಟ್ಟಿದ ಬಗೆಯೂ ನೋಡುಗನ ಪಾಲಿಗೆ ಬಂತು. ಪಿಕಾಸೊ ಗೆರೆ ಎಳೆಯುವುದನ್ನು ಹಾಳೆಯ ಹಿಂದಿನಿಂದ ಸೆರೆಹಿಡಿಯಲು 1956ರಲ್ಲಿ ಫ್ರೆಂಚ್ ನಿರ್ದೇಶಕ ಕ್ಲೂಜೊ ಇಡೀ ಒಂದು ಸಿನಿಮಾ ಮಾಡಬೇಕಾಯಿತು. 2007ರಲ್ಲಿ ನಿಂಟೆಂಡೊ ಡಿಎಸ್ ಎಂಬ ಆಟದ ಸಾಧನಕ್ಕೆ ಒಬ್ಬರು ಹವ್ಯಾಸಕ್ಕಾಗಿ ಬರೆದ ‘ಕಲರ್ಸ್’ ತಂತ್ರಾಂಶ ಅದೇ ಕೆಲಸವನ್ನು ಅಂಗೈಗೆ ತಂದಿತು.

ಬ್ರಿಟನ್ನಿನ ಚಿತ್ರಕಾರ ಡೇವಿಡ್ ಹಾಕ್ನಿ ಐಫೋನ್ ಹಿಡಿದಾಗ ಎಪ್ಪತ್ತು ದಾಟಿದ್ದರು. ಹಾಸಿಗೆಯಲ್ಲೇ ಕುಳಿತು ಕಿಟಕಿಯಾಚೆಯ ಸೂರ್ಯೋದಯವನ್ನೋ ಹೂವನ್ನೋ ಬರೆದು ಗೆಳೆಯರಿಗೆ ಕಳಿಸುತ್ತಿದ್ದರು. 2010ರಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಆ ಚಿತ್ರಗಳು ಐಫೋನ್, ಐಪ್ಯಾಡ್‌ಗಳ ಮೇಲೆಯೇ ಬೆಳಗಿದವು. 2012ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಯಾರ್ಕ್‌ಷೈರಿನ ವಸಂತ 51 ಐಪ್ಯಾಡ್ ಚಿತ್ರಗಳಾಗಿ ಗೋಡೆ ತುಂಬಿತು.

ಆದರೆ ಇವೆಲ್ಲ ಏಕಾಂತದ ಕೆಲಸ. ಸಭೆಯೆದುರು ಬರೆಯುವ ವೇದಿಕೆಗೆ ದಾರಿಯಾದದ್ದು ಒಂದು ತಂತಿ. ಮೊದಲ ಐಪ್ಯಾಡ್ ತನ್ನ ಪರದೆಯನ್ನು ಇದ್ದಂತೆ ಹೊರಗೆ ತೋರಿಸಲಾರದಾಗಿತ್ತು. 2011ರ ಐಪ್ಯಾಡ್ 2 ತೋರಿಸಿತು. ಪ್ರೊಜೆಕ್ಟರಿಗೆ ಜೋಡಿಸಿದರೆ ಸಾಕು, ಅಂಗೈಯಷ್ಟು ಚಿತ್ರ ಸಭಾಂಗಣದ ಗೋಡೆಯಷ್ಟಾಗುತ್ತಿತ್ತು. ಅದೇ ವರ್ಷ ಟಾಸ್ಮೇನಿಯಾದಿಂದ ‘ಪ್ರೊಕ್ರಿಯೇಟ್’ ಎಂಬ ಚಿತ್ರ ಬರೆಯುವ ಆ್ಯಪ್ ಬಂತು, ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ನೋಟ್ ಪೆನ್ನಿನೊಂದಿಗೆ ಬಂತು. ಆ್ಯಪಲ್ ಪೆನ್ಸಿಲ್‌ಗೆ 2015ರವರೆಗೆ ಕಾಯಬೇಕಾಯಿತು. ಬೆರಳನ್ನಷ್ಟೇ ಬಲ್ಲ ಗಾಜಿಗೆ ಕೈಯ ಒತ್ತಡ ತಿಳಿಯುತ್ತಿರಲಿಲ್ಲ. ಪೆನ್ನು ಅದನ್ನು ತಿಳಿಸಿತು: ಒತ್ತಿದರೆ ದಪ್ಪ, ಹಗುರಾದರೆ ತೆಳು. 2019ರಲ್ಲಿ ಆ ಪೆನ್ಸಿಲ್ ಸರಿದದ್ದಕ್ಕೂ ಗೆರೆ ಮೂಡುವುದಕ್ಕೂ ನಡುವಿನ ಅಂತರ 20 ಮಿಲಿಸೆಕೆಂಡಿನಿಂದ 9ಕ್ಕೆ ಇಳಿಯಿತು. ಚಿಕ್ಕ ಅಂಕಿ ನಿಜ. ಆದರೂ ಗೆರೆ ಹಿಂದುಳಿದರೆ ಕೈ ಅದಕ್ಕಾಗಿ ಕಾಯುತ್ತದೆ, ಕಾದ ಕೈಯಲ್ಲಿ ಓಘ ಇರುವುದಿಲ್ಲ.

ವೇದಿಕೆಯ ಮೇಲೆ ಕಂಪ್ಯೂಟರಿನಲ್ಲಿ ಚಿತ್ರ ರಚಿಸುವ ಸ್ಪರ್ಧೆಗಳು ಮೊಬೈಲ್ ಚಿತ್ರಕಲೆಗಿಂತ ಮುಂಚೆಯೇ ಇದ್ದವು. ನ್ಯೂಯಾರ್ಕಿನಲ್ಲಿ 2005ರಲ್ಲಿ ‘ಕಟ್ ಆ್ಯಂಡ್ ಪೇಸ್ಟ್’ ಶುರುವಾಯಿತು. ನಂತರ ಬಂದ ಜಪಾನಿನ ‘ಲಿಮಿಟ್ಸ್’ನಲ್ಲಿ ಇಬ್ಬರು ಕಲಾವಿದರಿಗೆ 20 ನಿಮಿಷದ ಹಣಾಹಣಿ ಇರುತ್ತಿತ್ತು. ವೇಗ ಸಭೆಯನ್ನು ರಂಜಿಸುತ್ತದೆ. ನನ್ನ ಮನಸ್ಸು ಹೋಗುವುದು ಮಾತ್ರ ಗೆರೆ ಎಳೆಯುವ ಮುನ್ನ ಕೈ ತಡೆದು ನಿಲ್ಲುವ ಗಳಿಗೆಯತ್ತ.

ಚಿತ್ರ ಕಣ್ಣೆದುರೇ ಮೂಡುವುದನ್ನು ನೋಡುವ ಸುಖ ಕನ್ನಡಿಗರಿಗೆ ಹೊಸದಲ್ಲ. ಬಿ.ಕೆ.ಎಸ್. ವರ್ಮಾ ವೇದಿಕೆಯ ಮೇಲೆ ಕಾವ್ಯ, ಗಾಯನಗಳ ಜೊತೆಜೊತೆಗೇ ಕುಂಚ ಆಡಿಸುವುದನ್ನು ಕಂಡವರಿಗೆ ಗೊತ್ತು: ಅರ್ಧ ಮೂಡಿದ ಬಣ್ಣದಲ್ಲಿ ಮುಖ ಯಾವುದು, ಮರ ಯಾವುದು ಎಂದು ಊಹಿಸುತ್ತ ಸಭೆ ಉಸಿರು ಬಿಗಿಹಿಡಿದಿರುತ್ತಿತ್ತು. ಅಲ್ಲಿ ಬಿದ್ದ ಬಣ್ಣವನ್ನು ಹಿಂತೆಗೆಯುವಂತಿರಲಿಲ್ಲ. ಪ್ರೊಕ್ರಿಯೇಟ್‌ನಲ್ಲಿ ಎರಡು ಬೆರಳು ತಟ್ಟಿದರೆ ತಪ್ಪು ಮಾಯ. ಮನೆಯಲ್ಲಿ ಅದು ವರ, ಸಭೆಯೆದುರು ಅದು ಅಭ್ಯಾಸವಾದರೆ ನೋಡುಗನ ನಂಬಿಕೆ ಸವೆಯುತ್ತದೆ. ತಪ್ಪಿದ ಗೆರೆಯನ್ನೇ ಕೊಂಬೆಯಾಗಿಯೋ ಮುಂಗುರುಳಾಗಿಯೋ ತಿರುಗಿಸುವ ಕಲಾವಿದ ದೊಡ್ಡವನು.

ನಂಬಿಕೆಯ ಪ್ರಶ್ನೆ ಮೊದಲೂ ಎದ್ದಿತ್ತು. 2013ರಲ್ಲಿ ಕಲಾವಿದ ಕೈಲ್ ಲ್ಯಾಂಬರ್ಟ್ ಐಪ್ಯಾಡಿನಲ್ಲಿ ಬರೆದ ನಟ ಮಾರ್ಗನ್ ಫ್ರೀಮನ್ ಮುಖ ಎಷ್ಟು ಫೋಟೊದಂತಿತ್ತೆಂದರೆ, ಬರೆಯುವುದರ ವಿಡಿಯೊ ತೋರಿಸಿದರೂ ಹಲವರು ಒಪ್ಪಲಿಲ್ಲ. 2022ರಿಂದ ಪದಗಳಲ್ಲಿ ಹೇಳಿದರೆ ಚಿತ್ರ ಕೊಡುವ ಯಂತ್ರಗಳು ಎಲ್ಲರ ಕೈಗೆ ಬಂದ ಮೇಲೆ ಅನುಮಾನ ಹೆಚ್ಚಾಗಿದೆ. ಅಂಥ ಯಂತ್ರಬುದ್ಧಿಯನ್ನು ತನ್ನ ಆ್ಯಪ್‌ಗೆ ಸೇರಿಸುವುದಿಲ್ಲವೆಂದು ಪ್ರೊಕ್ರಿಯೇಟ್ 2024ರಲ್ಲಿ ಹೇಳಿತು. ಎದುರಿಗೇ ಕುಳಿತು ಬರೆಯುವ ಕಲಾವಿದರ ಬೆಲೆ ಈಗ ಏರಬೇಕು.

ನನ್ನ ಚಿಂತೆ ಬೇರೊಂದಿದೆ. ಪ್ರದರ್ಶನ ಮುಗಿದ ಮೇಲೆ ಸಂಘಟಕರು ಕಾಪಿಡುವುದು ಕೊನೆಯ ಚಿತ್ರವನ್ನು. ಗೆರೆಗಳ ಕ್ರಮ ಆ್ಯಪ್‌ನ ಕಡತದಲ್ಲಿರುತ್ತದೆ. ಆ್ಯಪ್ ನಿಂತುಹೋದ ದಿನ ಅದನ್ನು ತೆರೆಯುವ ಕೀಲಿಯೂ ಹೋಗುತ್ತದೆ. ಸಭೆಯ ಸದ್ದಿನ ಸಮೇತ, ಕೈ ತಡೆದ ಗಳಿಗೆಗಳನ್ನು ಕತ್ತರಿಸದೆ, ಪೂರ್ತಿ ವಿಡಿಯೊ ಮಾಡಿ ಇಡುವವರು ಬೇಕು.