ಆರು ದಿನ ಲೋಕವನ್ನು ತಡೆದ ಹಡಗು

ನಾವು ತೊಡುವ ಅಂಗಿ, ಮಕ್ಕಳ ಆಟಿಕೆ, ಕೈಯಲ್ಲಿರುವ ಮೊಬೈಲು ಎಲ್ಲಿಂದ ಬಂದವು ಎಂದು ನಾವು ಯೋಚಿಸುವುದು ಕಡಿಮೆ. ಅಂಗಡಿಯಲ್ಲಿ ಸಿಗುತ್ತವೆ, ಕೊಳ್ಳುತ್ತೇವೆ, ಅಷ್ಟೆ. ಕಾರ್ಖಾನೆಗೂ ಅಂಗಡಿಗೂ ನಡುವೆ ಒಂದು ಸಮುದ್ರವಿದೆ, ಅದರ ಮೇಲೆ ದುಡಿಯುವ ಮನುಷ್ಯರಿದ್ದಾರೆ ಎಂಬುದು ನೆನಪಾಗುವುದು ಏನಾದರೂ ಎಡವಟ್ಟಾದಾಗ ಮಾತ್ರ. 2021ರ ಮಾರ್ಚ್ 23ರಂದು ಈಜಿಪ್ಟಿನ ಸೂಯೆಜ್ ಕಾಲುವೆಯಲ್ಲಿ ಅಂಥದೊಂದು ಎಡವಟ್ಟು ನಡೆಯಿತು. ‘ಎವರ್ ಗಿವನ್’ ಎಂಬ ದೈತ್ಯ ಹಡಗು ಕಾಲುವೆಗೆ ಅಡ್ಡಲಾಗಿ ಸಿಕ್ಕಿಕೊಂಡಿತು.

ಈ ಹಡಗಿನ ಕಥೆ ಶುರುವಾಗುವುದು ಒಬ್ಬ ಲಾರಿ ಮಾಲೀಕನಿಂದ. ಹಿಂದೆಲ್ಲ ಹಡಗಿಗೆ ಸರಕು ತುಂಬುವುದೆಂದರೆ ಒಂದೊಂದೇ ಮೂಟೆ, ಒಂದೊಂದೇ ಪೀಪಾಯಿ ಹೊತ್ತು ಸಾಗಿಸುವ ಕೆಲಸ. ಹಡಗುಗಳು ದಿನಗಟ್ಟಲೆ ಬಂದರಿನಲ್ಲೇ ಬಿದ್ದಿರುತ್ತಿದ್ದವು. ಲಾರಿಯ ಪೆಟ್ಟಿಗೆಯನ್ನೇ ಸರಕು ಸಮೇತ ಎತ್ತಿ ಹಡಗಿನ ಮೇಲಿಟ್ಟರೆ ಹೇಗೆ ಎಂದು ಅಮೆರಿಕದ ಮಾಲ್ಕಮ್ ಮೆಕ್ಲೀನ್ ಯೋಚಿಸಿದ. 1956ರ ಏಪ್ರಿಲ್ 26ರಂದು ಅವನ ‘ಐಡಿಯಲ್ ಎಕ್ಸ್’ ಎಂಬ ಹಳೆಯ ತೈಲ ಹಡಗು 58 ಪೆಟ್ಟಿಗೆಗಳೊಂದಿಗೆ ನೆವಾರ್ಕಿನಿಂದ ಹೂಸ್ಟನ್‌ಗೆ ಹೊರಟಿತು. ಟನ್ನಿಗೆ 5 ಡಾಲರ್ 83 ಸೆಂಟ್ ತಗಲುತ್ತಿದ್ದ ಸರಕು ತುಂಬುವ ಖರ್ಚು ಸುಮಾರು 16 ಸೆಂಟ್‌ಗೆ ಇಳಿಯಿತು. ಸರಕು ಅಗ್ಗವಾಯಿತು. ಅದರ ಜೊತೆಗೇ ಜಗತ್ತಿನ ಬಂದರುಗಳಲ್ಲಿ ಲಕ್ಷಾಂತರ ಹಮಾಲರ ಕೆಲಸವೂ ಹೋಯಿತು. ಲಾಭದ ಲೆಕ್ಕ ಬರೆದವರು ಈ ನಷ್ಟವನ್ನು ಬರೆಯಲಿಲ್ಲ.

ಆಮೇಲೆ ಹಡಗುಗಳು ಬೆಳೆಯುತ್ತಲೇ ಹೋದವು. 2006ರಲ್ಲಿ ಡೆನ್ಮಾರ್ಕಿನಲ್ಲಿ ನಿರ್ಮಾಣವಾದ ‘ಎಮ್ಮಾ ಮೇರ್ಸ್ಕ್’ ಸುಮಾರು 397 ಮೀಟರ್ ಉದ್ದವಿತ್ತು. ಅದನ್ನು ಕಂಡು ಲೋಕ ಬೆರಗಾಯಿತು. 2018ರಲ್ಲಿ ಜಪಾನಿನಲ್ಲಿ ಸಿದ್ಧವಾದ ಎವರ್ ಗಿವನ್ ಅದನ್ನೂ ಮೀರಿಸಿತು. ಉದ್ದ ಸುಮಾರು 400 ಮೀಟರ್, ಅಗಲ ಸುಮಾರು 59 ಮೀಟರ್. 20 ಅಡಿ ಉದ್ದದ 20 ಸಾವಿರ ಪೆಟ್ಟಿಗೆಗಳನ್ನು ಅದು ಹೊರಬಲ್ಲದು. ಅದರ ಮಾಲೀಕರು ಜಪಾನಿನವರು, ನಡೆಸುವವರು ತೈವಾನಿನವರು, ಹಾರುವ ಧ್ವಜ ಪನಾಮಾದ್ದು. ಹಡಗಿನಲ್ಲಿ ದುಡಿಯುತ್ತಿದ್ದ 25 ಮಂದಿ ಮಾತ್ರ ನಮ್ಮ ಭಾರತದವರು.

ಮಲೇಷ್ಯಾದಿಂದ ನೆದರ್ಲೆಂಡ್ಸ್‌ಗೆ ಹೊರಟಿದ್ದ ಈ ಹಡಗು ಬಿರುಗಾಳಿ ಮತ್ತು ಧೂಳಿನ ನಡುವೆ ದಿಕ್ಕು ತಪ್ಪಿ ಕಾಲುವೆಯ ದಂಡೆಗೆ ಮೂತಿ ತೂರಿಸಿತು. ಜಗತ್ತಿನ ವ್ಯಾಪಾರದ ನೂರಕ್ಕೆ ಸುಮಾರು 12ರಷ್ಟು ಸಾಗುವ ದಾರಿ ಮುಚ್ಚಿಹೋಯಿತು. ಹಿಂದೆ ಮುಂದೆ ನಾನ್ನೂರಕ್ಕೂ ಹೆಚ್ಚು ಹಡಗುಗಳು ಸಾಲುಗಟ್ಟಿದವು. ಪರ್ವತದಂಥ ಹಡಗಿನ ಬುಡದಲ್ಲಿ, ನಮ್ಮಲ್ಲಿ ಜೆಸಿಬಿ ಎಂದು ಕರೆಯುವಂಥ ಒಂದೇ ಒಂದು ಯಂತ್ರ ಮಣ್ಣು ಕೆರೆಯುತ್ತಿದ್ದ ಚಿತ್ರ ನೋಡಿ ಲೋಕವೆಲ್ಲ ನಕ್ಕಿತು. ಆ ಯಂತ್ರದಲ್ಲಿ ಕುಳಿತು ಹಗಲಿರುಳು ದುಡಿದವನ ನಿದ್ದೆಗೆಟ್ಟ ಕಣ್ಣುಗಳನ್ನು ಎಷ್ಟು ಮಂದಿ ನೆನೆದರೋ! ಹೂಳೆತ್ತುವ ಹಡಗುಗಳು, ಎಳೆಯುವ ದೋಣಿಗಳು, ಹುಣ್ಣಿಮೆಯ ಉಬ್ಬರ ಇವೆಲ್ಲ ಕೂಡಿ ಮಾರ್ಚ್ 29ರಂದು ಹಡಗು ಬಿಡುಗಡೆಯಾಯಿತು.

ಆದರೆ ಹಡಗಿನವರಿಗೆ ಬಿಡುಗಡೆ ಸಿಗಲಿಲ್ಲ. ಕಾಲುವೆಯ ಆಡಳಿತ 90 ಕೋಟಿ ಡಾಲರಿಗೂ ಮಿಕ್ಕಿದ ಪರಿಹಾರ ಕೇಳಿತು. ನ್ಯಾಯಾಲಯದ ಆದೇಶದಂತೆ ಹಡಗನ್ನು ಗ್ರೇಟ್ ಬಿಟರ್ ಸರೋವರದಲ್ಲಿ ತಡೆದಿಡಲಾಯಿತು. ಊರಿನಲ್ಲಿ ಕೊರೋನಾದ ಎರಡನೆಯ ಅಲೆ ಜನರನ್ನು ಬಲಿ ತೆಗೆದುಕೊಳ್ಳುತ್ತಿದ್ದಾಗ ಈ ನಾವಿಕರು ನೀರಿನ ನಡುವೆ ಕಾಯುತ್ತಿದ್ದರು. ಕೆಲವರನ್ನಷ್ಟೇ ಮನೆಗೆ ಕಳುಹಿಸಲಾಯಿತು. ಕೊನೆಗೆ ಒಪ್ಪಂದವಾಗಿ ಜುಲೈ 7ರಂದು ಹಡಗು ಹೊರಟಿತು.

ಆ ಸರೋವರಕ್ಕೆ ಇದು ಹೊಸತೇನಲ್ಲ. 1967ರ ಯುದ್ಧದಲ್ಲಿ ಕಾಲುವೆ ಮುಚ್ಚಿದಾಗ 14 ಹಡಗುಗಳು ಅಲ್ಲಿ ಸಿಕ್ಕಿಬಿದ್ದು 1975ರ ತನಕ ನಿಂತಿದ್ದವು. ಇನ್ನೂ ಹಿಂದಕ್ಕೆ ಹೋದರೆ, 1869ರಲ್ಲಿ ಸಂಭ್ರಮದಿಂದ ತೆರೆದ ಈ ಕಾಲುವೆಯನ್ನು ಮೊದಲ ವರ್ಷಗಳಲ್ಲಿ ಅಗೆದವರು ಬಲವಂತವಾಗಿ ಹಿಡಿದು ತಂದ ಈಜಿಪ್ಟಿನ ಬಡ ರೈತರು. ಸಾವಿರಾರು ಮಂದಿ ಅಲ್ಲೇ ಮಣ್ಣಾದರು.

ಇನ್ನೊಂದು ಸಂಗತಿಯನ್ನೂ ನಾವು ಮರೆಯಬಾರದು. ಎವರ್ ಗಿವನ್‌ನ ಸುದ್ದಿ ಲೋಕದ ಬಾಯಲ್ಲಿದ್ದ ದಿನಗಳಲ್ಲೇ, ಅದೇ ಸೂಯೆಜ್ ಬಳಿಯ ಸಮುದ್ರದಲ್ಲಿ ‘ಅಮಾನ್’ ಎಂಬ ಸಣ್ಣ ಹಡಗೊಂದು ನಿಂತಿತ್ತು. ಮಾಲೀಕರು ಬಾಕಿ ತೀರಿಸದ್ದರಿಂದ 2017ರಲ್ಲಿ ಅದನ್ನು ತಡೆಹಿಡಿಯಲಾಗಿತ್ತು. ಅದರ ಕಾವಲಿನ ಹೊಣೆಯನ್ನು ನ್ಯಾಯಾಲಯ ಸಿರಿಯಾದ ಒಬ್ಬ ನಾವಿಕನ ತಲೆಗೆ ಕಟ್ಟಿತ್ತು. ಜೊತೆಗಾರರು ಒಬ್ಬೊಬ್ಬರಾಗಿ ಹೊರಟುಹೋದರು. ಕರೆಂಟಿಲ್ಲದ ಹಡಗಿನಲ್ಲಿ ಅವನೊಬ್ಬನೇ ಉಳಿದ. ಆಹಾರ ತರಲು, ಫೋನು ಚಾರ್ಜ್ ಮಾಡಲು ಈಜಿ ದಡ ಸೇರುತ್ತಿದ್ದ. ತಾಯಿ ತೀರಿಕೊಂಡಾಗಲೂ ಊರಿಗೆ ಹೋಗಲಾಗಲಿಲ್ಲ. ಸುಮಾರು ನಾಲ್ಕು ವರ್ಷಗಳ ನಂತರ, 2021ರ ಏಪ್ರಿಲಿನಲ್ಲಿ ಅವನು ಮನೆ ಸೇರಿದ.

ಆರು ದಿನ ಸರಕು ನಿಂತಾಗ ಇಡೀ ಜಗತ್ತು ಕಂಗಾಲಾಯಿತು. ನಾಲ್ಕು ವರ್ಷ ಮನುಷ್ಯನೊಬ್ಬ ನಿಂತಾಗ ಯಾವ ಮಾರುಕಟ್ಟೆಯೂ ಅಲುಗಲಿಲ್ಲ. ಹಡಗುಗಳು ಇನ್ನೂ ದೊಡ್ಡದಾಗುತ್ತಿವೆ, 24 ಸಾವಿರ ಪೆಟ್ಟಿಗೆ ಹೊರುವಂಥವೂ ಬಂದಿವೆ. ಪೆಟ್ಟಿಗೆಗಳನ್ನು ಎಣಿಸುವಷ್ಟೇ ಕಾಳಜಿಯಿಂದ ಅವನ್ನು ಸಾಗಿಸುವ ಮನುಷ್ಯರನ್ನು ಎಣಿಸಲು ನಾವು ಕಲಿಯುವುದು ಯಾವಾಗ?